ಮನವಿ ಪತ್ರದಿಂದ ಸದನದ ಉತ್ತರದವರೆಗೆ: ಹಳೆಯ ವಿದ್ಯಾರ್ಥಿಗಳು ಹಿಡಿಯಬೇಕಾದ ದಾರಿ

ಹಳೆಯ ವಿದ್ಯಾರ್ಥಿಗಳ ಸಂಘ ಎಂದರೆ ನಮ್ಮ ಕಡೆ ಸ್ನೇಹ ಸಮ್ಮೇಳನ, ಗುರುವಂದನೆ, ಬಂಗಾರದ ಪದಕಕ್ಕೊಂದು ದತ್ತಿ. ಇವೆಲ್ಲ ಬೇಕು. ಆದರೆ ಕಾಯಂ ಪ್ರಾಧ್ಯಾಪಕರು ಒಬ್ಬೊಬ್ಬರೇ ನಿವೃತ್ತರಾಗಿ, ಆ ಜಾಗದಲ್ಲಿ ವರ್ಷಾನುವರ್ಷ ಅತಿಥಿ ಉಪನ್ಯಾಸಕರೇ ಪಾಠ ಹೇಳುವ ಸ್ಥಿತಿ ಬಂದಾಗ ದತ್ತಿಯ ಬಡ್ಡಿಯಿಂದ ಏನೂ ಆಗದು. ಹುದ್ದೆ ಮಂಜೂರಾಗುವುದು, ತುಂಬಲು ಅನುಮತಿ ಸಿಗುವುದು, ಸಂಬಳಕ್ಕೆ ಅನುದಾನ ಬರುವುದು ಮೂರೂ ಬೆಂಗಳೂರಿನಲ್ಲಿ ತೀರ್ಮಾನವಾಗುವ ಸಂಗತಿಗಳು. ಅವುಗಳ ಲೆಕ್ಕ ಕೇಳುವ ಅಧಿಕಾರ ಇರುವುದು ಸದನಕ್ಕೆ. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಪದವೀಧರರಾಗಿ ಆ ದಾರಿಯಲ್ಲಿ ಓಡಾಡಿ ತಿಳಿದುಕೊಂಡದ್ದನ್ನು ಮುಂದೆ ಬರುವವರಿಗಾಗಿ ಬರೆದಿಡುತ್ತಿದ್ದೇವೆ. ಮನವಿ ಕೊಟ್ಟ ಫೋಟೋ ಮರುದಿನ ಪತ್ರಿಕೆಯಲ್ಲಿ ಬಂದರೆ ಕೆಲಸ ಆದಂತಲ್ಲ. ಮಂತ್ರಿಗಳ ಸಹಿ ಇರುವ ಲಿಖಿತ ಉತ್ತರ ಕೈಗೆ ಬಂದರೆ ಕೆಲಸ ಶುರುವಾದಂತೆ.

ಮೊದಲು ತಿಳಿಯಬೇಕಾದದ್ದು ಬೇಡಿಕೆ ಯಾರ ಅಂಗಳದ್ದು ಎಂಬುದು. 1976ರ 42ನೇ ಸಂವಿಧಾನ ತಿದ್ದುಪಡಿಯ ನಂತರ ಶಿಕ್ಷಣ ಸಮವರ್ತಿ ಪಟ್ಟಿಯಲ್ಲಿದೆ, ಅಂದರೆ ಕೇಂದ್ರ, ರಾಜ್ಯ ಎರಡೂ ಕಾಯ್ದೆ ಮಾಡಬಹುದು. ಉನ್ನತ ಶಿಕ್ಷಣದ ಮಟ್ಟ ನಿಗದಿ ಮಾತ್ರ ಕೇಂದ್ರ ಪಟ್ಟಿಯ 66ನೇ ನಮೂದು. ಹೀಗಾಗಿ ಪ್ರಾಧ್ಯಾಪಕರ ಕನಿಷ್ಠ ಅರ್ಹತೆ ಏನಿರಬೇಕು ಎಂಬ ಪ್ರಶ್ನೆಗೆ ಯುಜಿಸಿ (ಕೇಂದ್ರದ ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮಾವಳಿ ಉತ್ತರ. ಅದಕ್ಕೆ ಧಾರವಾಡ ಅಥವಾ ಹಾವೇರಿ–ಗದಗ ಕ್ಷೇತ್ರದ ಸಂಸದರನ್ನು ಕಾಣಬೇಕು. ಆ ಪ್ರಾಧ್ಯಾಪಕರ ಹುದ್ದೆ ತುಂಬುವ ಮಾತು ರಾಜ್ಯದ್ದು. ಅಲ್ಲಿಯೂ ಎಲ್ಲ ವಿಶ್ವವಿದ್ಯಾಲಯಗಳು ಒಂದೇ ಮಂತ್ರಿಯ ಕೈಯಲ್ಲಿಲ್ಲ. ಕರ್ನಾಟಕ ವಿಶ್ವವಿದ್ಯಾಲಯ ಮತ್ತು ಹಾವೇರಿ ವಿಶ್ವವಿದ್ಯಾಲಯ ಉನ್ನತ ಶಿಕ್ಷಣ ಇಲಾಖೆಯವು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಕೃಷಿ ಇಲಾಖೆಯದು. ಹುಬ್ಬಳ್ಳಿ ನವನಗರದ ಕಾನೂನು ವಿಶ್ವವಿದ್ಯಾಲಯದ ಮಾತು ಕಾನೂನು ಸಚಿವರಿಗೆ ಹೋಗುತ್ತದೆ. ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಹೆಸರೇ ಹೇಳುವಂತೆ ಆ ಇಲಾಖೆಯದು. ತಪ್ಪು ಮಂತ್ರಿಗೆ ಕೇಳಿದ ಪ್ರಶ್ನೆಯನ್ನು ಸರಿಯಾದ ಇಲಾಖೆಗೆ ವರ್ಗಾಯಿಸುವಷ್ಟರಲ್ಲಿ ಅಧಿವೇಶನವೇ ಮುಗಿದಿರುತ್ತದೆ.

ಬೇಡಿಕೆಯ ಹಿಂದಿನ ಕಾರಣವೂ ಬಾಯಿಗೆ ಬರುವಂತಿರಬೇಕು. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬಯಿಯಲ್ಲಿ ಹುಟ್ಟಿ ಅದೇ ವರ್ಷ ಧಾರವಾಡಕ್ಕೆ ಬಂತು. ಡಿ.ಸಿ. ಪಾವಟೆಯವರು 1954ರಿಂದ 1967ರವರೆಗೆ ಕುಲಪತಿಗಳಾಗಿದ್ದ ಕಾಲದಲ್ಲಿ ಬೆಳೆಯಿತು. ಮುಂದೆ 1980ರಲ್ಲಿ ಗುಲಬರ್ಗಾ, 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ, 2023ರಲ್ಲಿ ಹಾವೇರಿ ವಿಶ್ವವಿದ್ಯಾಲಯಗಳು ಬಂದವು. ಪ್ರತಿ ಸಲ ಕಾಲೇಜುಗಳು ಹೊಸ ವಿಶ್ವವಿದ್ಯಾಲಯಕ್ಕೆ ಹೋದವು, ಅವುಗಳ ಸಂಯೋಜನಾ ಶುಲ್ಕ ಮತ್ತು ಪರೀಕ್ಷಾ ಶುಲ್ಕವೂ ಅವುಗಳ ಜೊತೆಗೇ ಹೋಯಿತು. ನಿವೃತ್ತರ ಪಿಂಚಣಿ ಮಾತ್ರ ಮೂಲ ವಿಶ್ವವಿದ್ಯಾಲಯದ ತಲೆಯ ಮೇಲೇ ಉಳಿಯಿತು. 2006ರ ಏಪ್ರಿಲ್ 1ಕ್ಕಿಂತ ಮೊದಲು ಸೇವೆಗೆ ಸೇರಿದವರು ಹಳೆಯ ಪಿಂಚಣಿಯವರು. ಅವರ ಸಂಖ್ಯೆ ಹೆಚ್ಚಿರುವುದು ಹಳೆಯ ವಿಶ್ವವಿದ್ಯಾಲಯಗಳಲ್ಲೇ. "ನಿಮ್ಮ ಆಂತರಿಕ ಸಂಪನ್ಮೂಲದಿಂದ ಭರಿಸಿಕೊಳ್ಳಿ" ಎಂಬ ಮಾತು ಬಂದಾಗ ಶುಲ್ಕ ಹೋಯಿತು, ಪಿಂಚಣಿ ಉಳಿಯಿತು ಎಂಬ ಎರಡು ವಾಕ್ಯಗಳನ್ನು ಹೇಳಲು ಬರಬೇಕು. ಇನ್ನೂ ಒಂದು ವಿಷಯ: ಸಂವಿಧಾನದ 371(ಜೆ) ವಿಧಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಅನ್ವಯ, ನಮ್ಮ ಮೂರು ಜಿಲ್ಲೆಗಳಿಗೆ ಅಲ್ಲ. ಅದರ ಹೆಸರಿನಲ್ಲಿ ವಿಶೇಷ ನೇಮಕಾತಿ ಕೇಳುವ ಮನವಿಗಳನ್ನು ಈಗಲೂ ಬರೆಯುತ್ತಾರೆ. ಅವು ಮೊದಲ ಮೇಜಿನಲ್ಲೇ ನಿಲ್ಲುತ್ತವೆ.

ಇನ್ನು ಯಾರನ್ನು ಕಾಣಬೇಕು? ಧಾರವಾಡ ಜಿಲ್ಲೆಯಲ್ಲಿ ಏಳು, ಗದಗಿನಲ್ಲಿ ನಾಲ್ಕು, ಹಾವೇರಿಯಲ್ಲಿ ಆರು, ಹೀಗೆ 17 ವಿಧಾನಸಭಾ ಕ್ಷೇತ್ರಗಳಿವೆ. ಶಾಸಕರಿಗೆ ರಸ್ತೆ, ನೀರು, ಬೆಳೆ ಪರಿಹಾರದ ಒತ್ತಡವೇ ಮುಗಿಯದಷ್ಟು. ಉನ್ನತ ಶಿಕ್ಷಣದ ಮಾತಿಗೆ ಸಹಜವಾದ ಬಾಗಿಲು ವಿಧಾನ ಪರಿಷತ್ತು. ಅದರ 75 ಸ್ಥಾನಗಳಲ್ಲಿ 7 ಪದವೀಧರರದು, 7 ಶಿಕ್ಷಕರದು. ನಮ್ಮ ಮೂರು ಜಿಲ್ಲೆ ಹಾಗೂ ಉತ್ತರ ಕನ್ನಡ ಕೂಡಿ ಕರ್ನಾಟಕ ಪಶ್ಚಿಮ ಪದವೀಧರ ಕ್ಷೇತ್ರ ಮತ್ತು ಪಶ್ಚಿಮ ಶಿಕ್ಷಕರ ಕ್ಷೇತ್ರ ಆಗಿವೆ. ಬಸವರಾಜ ಹೊರಟ್ಟಿಯವರು 1980ರಿಂದ ಗೆಲ್ಲುತ್ತ ಬಂದದ್ದು ಇದೇ ಶಿಕ್ಷಕರ ಕ್ಷೇತ್ರದಿಂದ. ಪದವೀಧರ ಕ್ಷೇತ್ರದ ಸದಸ್ಯರಿಗೆ ಪದವಿ ಪಡೆದವರೇ ಮತದಾರರು. ನಿಮ್ಮ ಸಂಘದ ಸದಸ್ಯರ ಹೆಸರು ಆ ಪಟ್ಟಿಯಲ್ಲಿ ಇದೆಯೋ ಇಲ್ಲವೋ ಎಂಬುದರ ಮೇಲೆ ನಿಮ್ಮ ಮಾತಿನ ತೂಕ ನಿಲ್ಲುತ್ತದೆ.

ಈ ಪಟ್ಟಿಯ ವಿಷಯದಲ್ಲಿ ಓದಿದವರೇ ಹೆಚ್ಚು ಮೋಸ ಹೋಗುತ್ತಾರೆ. ವಿಧಾನಸಭೆಯ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಇಲ್ಲಿಗೂ ಸಾಕು ಎಂದು ತಿಳಿಯುತ್ತಾರೆ, ಸಾಲದು. ಹಿಂದಿನ ಚುನಾವಣೆಯಲ್ಲಿ ಮತ ಹಾಕಿದ್ದೇವೆ, ಹೆಸರು ಇದ್ದೇ ಇರುತ್ತದೆ ಎನ್ನುತ್ತಾರೆ, ಇರುವುದಿಲ್ಲ. ಪದವೀಧರ ಕ್ಷೇತ್ರದ ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿ ತಯಾರಿಸುತ್ತಾರೆ, ಎಲ್ಲರೂ ನಮೂನೆ 18ರಲ್ಲಿ ಮತ್ತೆ ಅರ್ಜಿ ಹಾಕಲೇಬೇಕು. ಶಿಕ್ಷಕರಿಗೆ ನಮೂನೆ 19. ಅರ್ಹತಾ ದಿನಾಂಕ ನವೆಂಬರ್ 1. ಆ ದಿನಕ್ಕೆ ಪದವಿ ಪಡೆದು ಮೂರು ವರ್ಷ ಆಗಿರಬೇಕು, ಕ್ಷೇತ್ರದಲ್ಲಿ ವಾಸವಿರಬೇಕು. ಮೂರು ವರ್ಷದ ಲೆಕ್ಕ ಘಟಿಕೋತ್ಸವದ ದಿನದಿಂದಲ್ಲ, ಫಲಿತಾಂಶ ಪ್ರಕಟವಾದ ದಿನದಿಂದ. ಅಕ್ಟೋಬರ್ ಆರಂಭದಲ್ಲಿ ಪ್ರಕಟಣೆ ಬರುತ್ತದೆ, ನವೆಂಬರ್ ಮೊದಲ ವಾರದವರೆಗೆ ಅರ್ಜಿ ಪಡೆಯುತ್ತಾರೆ; ಆಮೇಲೂ ಸೇರ್ಪಡೆಗೆ ಅವಕಾಶ ಉಂಟು, ಆದರೆ ಅದನ್ನು ನಂಬಿ ಕೂರಬಾರದು. ಸಂಘದವರು ಕಟ್ಟುಗಟ್ಟಲೆ ಅರ್ಜಿ ಒಯ್ದು ತಹಶೀಲ್ದಾರ ಕಚೇರಿಯಲ್ಲಿ ಇಟ್ಟರೆ ತೆಗೆದುಕೊಳ್ಳುವುದಿಲ್ಲ. ಸಂಸ್ಥೆಯ ಮುಖ್ಯಸ್ಥರು ತಮ್ಮ ಸಿಬ್ಬಂದಿಯದನ್ನು ಒಟ್ಟಿಗೆ ಕಳಿಸಬಹುದು, ಒಂದೇ ಮನೆಯವರದನ್ನು ಒಬ್ಬರು ಮೂಲ ಪ್ರಮಾಣಪತ್ರಗಳ ಸಮೇತ ಒಯ್ದು ಕೊಡಬಹುದು. ಉಳಿದವರು ತಾವೇ ಹೋಗಬೇಕು. ಆದ್ದರಿಂದ ಸಂಘ ಮಾಡಬಹುದಾದ ನಿಜವಾದ ಸಹಾಯವೆಂದರೆ ನಮೂನೆ ಹಂಚುವುದು, ಪದವಿ ಪ್ರಮಾಣಪತ್ರದ ಪ್ರತಿ ದೃಢೀಕರಿಸಿಕೊಳ್ಳಲು ನೆರವಾಗುವುದು, ಕರಡು ಪಟ್ಟಿ ಬಂದಾಗ ಹೆಸರು, ತಂದೆಯ ಹೆಸರು, ಮನೆ ನಂಬರ್ ಸರಿಯಿವೆಯೇ ಎಂದು ಸಾಲುಸಾಲು ನೋಡುವುದು. ಮತ ಹಾಕುವಾಗ ಅಲ್ಲಿ ಕೊಟ್ಟ ಪೆನ್ನಿನಿಂದಲೇ 1, 2, 3 ಎಂದು ಅಂಕಿ ಬರೆಯಬೇಕು. ಟಿಕ್ ಹಾಕಿದ ಮತ ತಿರಸ್ಕೃತ. ಪದವೀಧರರ ಚುನಾವಣೆಯಲ್ಲೂ ಹೀಗೆ ಮತ ಹಾಳಾಗುವುದುಂಟು ಎಂಬುದು ಬೇಸರದ ಸಂಗತಿ.

ಇಷ್ಟಾದ ಮೇಲೆ ಕಾಗದ. ಕೈಯಲ್ಲಿ ಎರಡು ದಾಖಲೆ ಇಲ್ಲದೆ ಯಾರ ಮುಂದೆಯೂ ಕೂರಬಾರದು. ಒಂದು, ಮಾಹಿತಿ ಹಕ್ಕಿನಿಂದ ಪಡೆದ ಹುದ್ದೆಗಳ ಪಟ್ಟಿ. ಹತ್ತು ರೂಪಾಯಿಯ ಅಂಚೆ ಪೋಸ್ಟಲ್ ಆರ್ಡರ್ ಸಾಕು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಿರಬೇಕು, 150 ಪದ ದಾಟಬಾರದು. ಹುದ್ದೆ, ಅನುದಾನ, ಪಿಂಚಣಿ ಮೂರನ್ನೂ ಒಂದೇ ಅರ್ಜಿಯಲ್ಲಿ ತುರುಕಿದರೆ ಅದೇ ನೆಪದಲ್ಲಿ ಹಿಂಬರಹ ಬರುತ್ತದೆ, ಬೇರೆಬೇರೆ ಹಾಕಿ. ಉತ್ತರಕ್ಕೆ 30 ದಿನ, ಬರದಿದ್ದರೆ ಮೊದಲ ಮೇಲ್ಮನವಿಗೆ 30 ದಿನ. ಈ ಎರಡು ತಿಂಗಳನ್ನು ಮೊದಲೇ ಲೆಕ್ಕ ಹಿಡಿದು ಹೊರಡಬೇಕು.

ಎರಡನೆಯದು ಬಜೆಟ್ಟಿನ ಪುಟ. ಆರ್ಥಿಕ ಇಲಾಖೆ ಎಲ್ಲ ಸಂಪುಟಗಳನ್ನೂ ಅಂತರ್ಜಾಲದಲ್ಲಿ ಇಡುತ್ತದೆ. ಅಲ್ಲಿ ಪ್ರತಿ ಬಾಬಿನ ಹಣದ ಕೋರಿಕೆಗೆ 'ಬೇಡಿಕೆ' ಎಂದು ಹೆಸರು. ಶಿಕ್ಷಣ ಎಂದರೆ ಬೇಡಿಕೆ ಸಂಖ್ಯೆ 17. ಅದರೊಳಗೆ ಲೆಕ್ಕ ಶೀರ್ಷಿಕೆ 2202 ಸಾಮಾನ್ಯ ಶಿಕ್ಷಣ, 03 ವಿಶ್ವವಿದ್ಯಾಲಯ ಮತ್ತು ಉನ್ನತ ಶಿಕ್ಷಣ, 102 ವಿಶ್ವವಿದ್ಯಾಲಯಗಳಿಗೆ ನೆರವು. ಅಂಕಿಗಳು ಲಕ್ಷ ರೂಪಾಯಿಗಳಲ್ಲಿ ಇರುತ್ತವೆ. ಹಿಂದಿನ ವರ್ಷದ ನಿಜ ಲೆಕ್ಕ, ಈ ವರ್ಷದ ಅಂದಾಜು, ಪರಿಷ್ಕೃತ ಅಂದಾಜು, ಬರುವ ವರ್ಷದ ಅಂದಾಜು ಎಂದು ನಾಲ್ಕು ಅಂಕಣ. ಓದಬೇಕಾದದ್ದು ಎರಡನೆಯದು ಮತ್ತು ಮೂರನೆಯದರ ನಡುವಿನ ವ್ಯತ್ಯಾಸ. ಘೋಷಿಸಿದ ಹಣ ವರ್ಷದ ನಡುವೆ ಕಡಿತವಾಗಿದ್ದರೆ ಅಲ್ಲಿ ಕಾಣುತ್ತದೆ. ಕಟ್ಟಡದ ಹಣ ಇಲ್ಲಿ ಸಿಗದು, ಅದಕ್ಕೆ 4202 ನೋಡಬೇಕು. "ಅನುದಾನ ಹೆಚ್ಚಿಸಿ" ಎಂದು ಬರೆದ ಮನವಿಗೂ "ಬೇಡಿಕೆ 17, 2202-03-102ರಲ್ಲಿ ಈ ಸಾಲಿಗೆ ಇಷ್ಟು ಬೇಕು" ಎಂದು ಬರೆದ ಮನವಿಗೂ ಇಲಾಖೆಯಲ್ಲಿ ಆಗುವ ಉಪಚಾರವೇ ಬೇರೆ. ಎರಡನೆಯದಕ್ಕೆ ವಿಷಯ ನಿರ್ವಾಹಕರು ಕಡತ ತೆರೆಯಬೇಕಾಗುತ್ತದೆ.

ಮನವಿಯ ಅಳತೆಯ ಬಗ್ಗೆ ಒಬ್ಬ ಆಪ್ತ ಸಹಾಯಕರು ಹೇಳಿದ ಮಾತಿಗಿಂತ ಚೆನ್ನಾಗಿ ನಮಗೆ ಹೇಳಲು ಬಾರದು: "ಸರ, ಒಂದ ಪಾನಿನ್ಯಾಗ ಬರದು ಕೊಡ್ರಿ. ಎರಡನೇ ಪಾನ ಯಾರೂ ತಿರುವ್ಯಾಕ ಹೋಗೂದಿಲ್ಲ." ಆ ಒಂದು ಪುಟದಲ್ಲಿ ವಿಷಯ ಎಂಬ ಸಾಲಿನಲ್ಲೇ ಬೇಡಿಕೆ ಬರಬೇಕು. ಕೆಳಗೆ ಮೂರು ಸಂಗತಿ, ಪ್ರತಿಯೊಂದರ ಮುಂದೆ ದಾಖಲೆಯ ಸಂಖ್ಯೆ ಮತ್ತು ದಿನಾಂಕ. ನಂತರ ಸದಸ್ಯರಿಂದ ನಮಗೆ ಏನು ಬೇಕು ಎಂಬ ಒಂದು ವಾಕ್ಯ: ಚುಕ್ಕೆ ಗುರುತಿನ ಪ್ರಶ್ನೆಯೋ (ಮಂತ್ರಿಗಳು ಸದನದಲ್ಲಿ ಬಾಯಿಂದ ಉತ್ತರಿಸುವಂಥದು), ಗಮನ ಸೆಳೆಯುವ ಸೂಚನೆಯೋ, ಮಂತ್ರಿಗಳಿಗೆ ಪತ್ರವೋ. ಕೊನೆಗೆ ದೂರವಾಣಿ ಇರುವ ಇಬ್ಬರ ಹೆಸರು. ಸಹಿಗಳ ಹಾಳೆ ಬೇರೆ ಇರಲಿ. ಇಡೀ ಇತಿಹಾಸ, ನಾಡಿನ ಹಿರಿಮೆ, ವಿಶ್ವವಿದ್ಯಾಲಯದಿಂದ ಹೊರಬಂದ ಮಹನೀಯರ ಯಾದಿ ಅಲ್ಲಿ ಬೇಡ. ಎರಡು ಪ್ರತಿ ಒಯ್ಯಬೇಕು, ಒಂದರ ಮೇಲೆ ಸ್ವೀಕೃತಿ ಮುದ್ರೆ, ಟಪಾಲು ಸಂಖ್ಯೆ, ದಿನಾಂಕ ಹಾಕಿಸಿಕೊಳ್ಳಬೇಕು. ಶಾಲು, ಹಾರ, ಪೇಢೆ ಡಬ್ಬಿಯನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳುವುದು ಲೇಸು. ಸಿಗುವ ಹತ್ತು ನಿಮಿಷದಲ್ಲಿ ಅರ್ಧ ಅದಕ್ಕೇ ಹೋಗುತ್ತದೆ.

ಸಹಿ ಯಾರು ಹಾಕಬೇಕು? ಸೇವೆಯಲ್ಲಿರುವ ಸರ್ಕಾರಿ ನೌಕರರನ್ನು ಬಿಡಿ. 2021ರ ನಡತೆ ನಿಯಮಗಳು ಅವರಿಗೆ ಅಡ್ಡ ಬರುತ್ತವೆ, ನಮ್ಮ ಕೆಲಸಕ್ಕಾಗಿ ಒಬ್ಬರಿಗೆ ನೋಟಿಸು ಬರುವುದು ನ್ಯಾಯವಲ್ಲ. ನಿವೃತ್ತರು, ವಕೀಲರು, ವ್ಯಾಪಾರಸ್ಥರು, ರೈತರು, ಖಾಸಗಿ ನೌಕರಿಯವರು ಸಾಕು. ಸಂಘ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿರಲಿ. ಏಳು ಮಂದಿ ಇದ್ದರೆ ಆಗುತ್ತದೆ. ಉದ್ದೇಶಗಳ ಪಟ್ಟಿಯಲ್ಲಿ "ಉನ್ನತ ಶಿಕ್ಷಣದ ಕುರಿತು ಸರ್ಕಾರ ಹಾಗೂ ಶಾಸನಸಭೆಗೆ ಅಹವಾಲು ಸಲ್ಲಿಸುವುದು" ಎಂಬ ಸಾಲು ಇರಲಿ, ಠರಾವು ಪುಸ್ತಕದಲ್ಲಿ ಈ ಬೇಡಿಕೆಯ ಠರಾವು ಇರಲಿ. ಸಂಘದ ಪದಾಧಿಕಾರಿಗಳು ಯಾವುದೋ ಪಕ್ಷದ ಮೆರವಣಿಗೆಯಲ್ಲಿ ಕಂಡರೆ ಉಳಿದ ಪಕ್ಷಗಳ ಸದಸ್ಯರು ಮುಂದೆ ಪತ್ರವನ್ನೇ ತೆಗೆದುಕೊಳ್ಳರು. ಒಂದೇ ಪತ್ರ ಎಲ್ಲ ಪಕ್ಷದವರಿಗೂ ಹೋಗಬೇಕು.

ಈಗ ಪ್ರಶ್ನೆ. ಇದು ಎಲ್ಲಕ್ಕಿಂತ ಸೂಕ್ಷ್ಮ ಕೆಲಸ. ಸದಸ್ಯರ ಕಚೇರಿಗೆ ನಾವೇ ಕರಡು ಬರೆದುಕೊಟ್ಟರೆ ಅವರಿಗೂ ಅನುಕೂಲ. ಸಾಮಾನ್ಯವಾಗಿ ಬರೆಯುವುದು ಹೀಗೆ: "ಬೋಧಕರ ಕೊರತೆಯಿಂದ ವಿಶ್ವವಿದ್ಯಾಲಯದಲ್ಲಿ ಶಿಕ್ಷಣದ ಗುಣಮಟ್ಟ ಕುಸಿದಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?" ಇದಕ್ಕೆ "ಬಂದಿದೆ, ಅಗತ್ಯ ಕ್ರಮ ವಹಿಸಲಾಗುವುದು" ಎಂಬ ಉತ್ತರ ಸಾಕಾಗುತ್ತದೆ. ಅಭಿಪ್ರಾಯ, ವಾದ, ಆರೋಪ ಸೇರಿದ್ದರೆ ಸಚಿವಾಲಯದಲ್ಲೇ ಪ್ರಶ್ನೆ ಬಿದ್ದುಹೋಗಬಹುದು. ಬರೆಯಬೇಕಾದದ್ದು ಹೀಗೆ: "(ಅ) ಸದರಿ ವಿಶ್ವವಿದ್ಯಾಲಯದಲ್ಲಿ ವಿಭಾಗವಾರು ಮಂಜೂರಾದ, ಭರ್ತಿಯಾದ ಮತ್ತು ಖಾಲಿ ಇರುವ ಬೋಧಕ ಹುದ್ದೆಗಳ ಸಂಖ್ಯೆ ಎಷ್ಟು? (ಆ) ಖಾಲಿ ಹುದ್ದೆ ಭರ್ತಿಗೆ ವಿಶ್ವವಿದ್ಯಾಲಯ ಪ್ರಸ್ತಾವನೆ ಸಲ್ಲಿಸಿದ ದಿನಾಂಕ ಯಾವುದು, ಅದು ಈಗ ಯಾವ ಹಂತದಲ್ಲಿದೆ? (ಇ) ಆರ್ಥಿಕ ಇಲಾಖೆ ಸಹಮತಿ ನೀಡಿದೆಯೇ, ಇಲ್ಲವಾದರೆ ಕಾರಣವೇನು? (ಈ) ಎಷ್ಟು ಕಾಲಮಿತಿಯಲ್ಲಿ ಭರ್ತಿ ಮಾಡಲಾಗುವುದು?" ಪ್ರತಿ ತುಂಡಿಗೂ ಒಂದು ಅಂಕಿಯೋ ದಿನಾಂಕವೋ ಬರಲೇಬೇಕು. ಅತಿಥಿ ಉಪನ್ಯಾಸಕರ ಮಾತಾದರೆ 2019ರ ಯುಜಿಸಿ ಮಾರ್ಗಸೂಚಿಯ ಅಂಕಿ ಹಿಡಿದು ಕೇಳಿ: ಒಂದು ಉಪನ್ಯಾಸಕ್ಕೆ ₹1,500, ತಿಂಗಳಿಗೆ ಗರಿಷ್ಠ ₹50,000. ಇದರಂತೆ ಕೊಡಲಾಗುತ್ತಿದೆಯೇ, ಇಲ್ಲವಾದರೆ ಎಷ್ಟು ಕೊಡಲಾಗುತ್ತಿದೆ ಎಂದು.

ಹತ್ತು ವರ್ಷದ ಮಾಹಿತಿ, ರಾಜ್ಯದ ಎಲ್ಲ ವಿಶ್ವವಿದ್ಯಾಲಯಗಳದ್ದು ಎಂದು ಕೇಳಿದರೆ "ಮಾಹಿತಿ ಸಂಗ್ರಹಿಸಲಾಗುತ್ತಿದೆ" ಎಂಬ ಒಂದು ಸಾಲು ಬರುತ್ತದೆ. ಒಂದು ವಿಶ್ವವಿದ್ಯಾಲಯ, ಮೂರು ವರ್ಷ ಸಾಕು. ನ್ಯಾಯಾಲಯದಲ್ಲಿರುವ ನೇಮಕಾತಿಯನ್ನು ಪ್ರಶ್ನೆಯಲ್ಲಿ ತರಬಾರದು, ಅದೊಂದರಿಂದ ಇಡೀ ಪ್ರಶ್ನೆ ಹೋಗುತ್ತದೆ. ಬರೀ ಅಂಕಿ ಬೇಕಿದ್ದರೆ ಚುಕ್ಕೆ ರಹಿತ ಪ್ರಶ್ನೆ ಹಾಕಿಸಿ, ಲಿಖಿತ ಉತ್ತರ ಬರುತ್ತದೆ. ಮಂತ್ರಿಗಳ ಬಾಯಿಂದ ಮಾತು ಬೇಕಿದ್ದರೆ ಚುಕ್ಕೆ ಗುರುತಿನದು. ಅದರಲ್ಲಿ ಉಪಪ್ರಶ್ನೆಗೆ ಅವಕಾಶ. ಎರಡು ಉಪಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಆ ದಿನ ಮುಂಜಾನೆಯೇ ಸದಸ್ಯರ ಕೈಗೆ ಮುಟ್ಟಿಸಬೇಕು. ಪ್ರಶ್ನೋತ್ತರಕ್ಕೆ ಸರದಿ ಬರದಿದ್ದರೆ ಪರಿಷತ್ತಿನಲ್ಲಿ ನಿಯಮ 72ರ ಗಮನ ಸೆಳೆಯುವ ಸೂಚನೆ ಇದೆ, ನಿಯಮ 330ರ ಅಡಿ ಪ್ರಸ್ತಾಪ ಇದೆ. ಪ್ರಶ್ನೆಯ ಸೂಚನೆ ಸದನ ಕೂಡುವುದಕ್ಕೆ ಬಹಳ ಮೊದಲೇ ಸಚಿವಾಲಯ ಸೇರಬೇಕು. ಅಧಿವೇಶನದ ದಿನಾಂಕ ಪ್ರಕಟವಾದ ಮೇಲೆ ಕರಡು ಬರೆಯಲು ಕೂತರೆ ತಡವಾಯಿತು.

ಕಾಲದ ಲೆಕ್ಕ ಎಂದರೆ ಇದೇ. ಮುಖ್ಯಮಂತ್ರಿಗಳು ಬಜೆಟ್ ಮಂಡಿಸುವುದು ಸಾಮಾನ್ಯವಾಗಿ ಫೆಬ್ರುವರಿ–ಮಾರ್ಚ್‌ನಲ್ಲಿ. 2024ರಲ್ಲಿ ಫೆಬ್ರುವರಿ 16, 2025ರಲ್ಲಿ ಮಾರ್ಚ್ 7. ಇಲಾಖೆಯ ಪ್ರಸ್ತಾವನೆಗಳು ಅದಕ್ಕೆ ತಿಂಗಳುಗಟ್ಟಲೆ ಮೊದಲೇ ಆರ್ಥಿಕ ಇಲಾಖೆಗೆ ಹೋಗಿರುತ್ತವೆ. ಜನವರಿಯಲ್ಲಿ ಕೊಟ್ಟ ಮನವಿ ಮುಂದಿನ ವರ್ಷದ ಬಜೆಟ್ಟಿಗೆ ಕೊಟ್ಟಂತೆ. ಮಾಹಿತಿ ಹಕ್ಕಿನ ಅರ್ಜಿ ಮುಂಗಾರಿನಲ್ಲಿ, ಮನವಿ ದಸರೆಯೊಳಗೆ, ಪ್ರಶ್ನೆ ಡಿಸೆಂಬರಿನ ಬೆಳಗಾವಿ ಅಧಿವೇಶನಕ್ಕೆ ಎಂದು ಇಟ್ಟುಕೊಂಡರೆ ಸರಿ ಹೊಂದುತ್ತದೆ. 2012ರಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆಯಾದದ್ದು ನಮ್ಮ ಭಾಗದವರಿಗೆ ದೊಡ್ಡ ಅನುಕೂಲ. ಧಾರವಾಡದಿಂದ ಮುಂಜಾನೆ ಬಸ್ ಹತ್ತಿದರೆ ಸಂಜೆ ಮನೆಗೆ ಬರಬಹುದು. ಒಳಗೆ ಹೋಗಲು ಪಾಸು ಸದಸ್ಯರ ಕಚೇರಿಯಿಂದ ಮೊದಲೇ ಮಾಡಿಸಿಕೊಳ್ಳಬೇಕು, ಗುರುತಿನ ಚೀಟಿಯ ಮೂಲ ಪ್ರತಿ ಜೊತೆಗಿರಬೇಕು. ಹೊರಗೆ ಟೆಂಟ್‌ಗಳಲ್ಲಿ ಧರಣಿ ಕೂತ ನೂರಾರು ಸಂಘಟನೆಗಳ ನಡುವೆ ಇನ್ನೊಂದು ಟೆಂಟ್ ಹಾಕುವುದಕ್ಕಿಂತ, ಆ ದಿನ ಇಲಾಖೆಯ ಅಧಿಕಾರಿಗಳೆಲ್ಲ ಉತ್ತರದ ಕಡತ ಹಿಡಿದು ಬೆಳಗಾವಿಯಲ್ಲೇ ಇರುತ್ತಾರೆ ಎಂಬುದನ್ನು ಬಳಸಿಕೊಳ್ಳುವುದು ಹೆಚ್ಚು ಫಲ ಕೊಡುತ್ತದೆ.

ಉತ್ತರದ ಹಾಳೆಯಲ್ಲಿ ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ, ಕೆಳಗೆ ಕಡತ ಸಂಖ್ಯೆ, ಮಂತ್ರಿಗಳ ಸಹಿ. ಹೆಚ್ಚಿನವರು ಬಲಗಡೆ ಓದಿ ಇಟ್ಟುಬಿಡುತ್ತಾರೆ. ಬೆಲೆಬಾಳುವುದು ಕಡತ ಸಂಖ್ಯೆ. ಮುಂದೆ ಬೆಂಗಳೂರಿನ ಬಹುಮಹಡಿ ಕಟ್ಟಡದಲ್ಲಿ ಯಾವ ಶಾಖೆಯಲ್ಲಿ ವಿಚಾರಿಸಬೇಕು ಎಂಬುದು ಅದರಿಂದಲೇ ತಿಳಿಯುತ್ತದೆ. "ಪರಿಶೀಲನೆಯಲ್ಲಿದೆ" ಎಂದರೆ ಯಾರ ಮೇಜಿನ ಮೇಲೆ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಬಹುದು. "ವಿಶ್ವವಿದ್ಯಾಲಯ ಸ್ವಾಯತ್ತ ಸಂಸ್ಥೆ" ಎಂದರೆ ಪ್ರಶ್ನೆ ತಪ್ಪು ಕಡೆ ಹೋಗಿದೆ, ಹುದ್ದೆಯ ಸಹಮತಿ ಮತ್ತು ಅನುದಾನಕ್ಕೆ ಹೊರಳಬೇಕು. ಕೆಲವು ಸಲ ಉತ್ತರದಲ್ಲಿ ನಿಜವಾದ ಅಡಚಣೆಯೂ ಇರುತ್ತದೆ. 2024ರ ಅಕ್ಟೋಬರ್ ಕೊನೆಯಲ್ಲಿ, ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನವಾಗುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಹೊರಡಿಸಬಾರದೆಂದು ರಾಜ್ಯ ಸರ್ಕಾರ ನಿರ್ಧರಿಸಿತು. ಅಂಥ ಹೊತ್ತಿನಲ್ಲಿ "ತಕ್ಷಣ ಭರ್ತಿ ಮಾಡಿ" ಎಂದು ಕೂಗುವುದು ವ್ಯರ್ಥ. ರೋಸ್ಟರ್ ಬಿಂದುಗಳನ್ನು, ಅಂದರೆ ಯಾವ ಹುದ್ದೆ ಯಾವ ಮೀಸಲಾತಿ ವರ್ಗಕ್ಕೆ ಎಂಬ ಸರದಿಯನ್ನು, ಸಿದ್ಧಪಡಿಸಿ ದೃಢೀಕರಿಸಿ ಇಡಿ ಎಂದು ಕೇಳಬೇಕು. ತಡೆ ತೆರವಾದ ಮೇಲೂ ರೋಸ್ಟರ್ ಸಿದ್ಧವಿಲ್ಲದ ಕಡೆ ನೇಮಕಾತಿ ಮತ್ತೆ ನಿಲ್ಲುತ್ತದೆ.

"ಕ್ರಮ ವಹಿಸಲಾಗುವುದು" ಎಂದು ಮಂತ್ರಿಗಳು ಸದನದಲ್ಲಿ ಹೇಳಿದರೆ ಅದು ಭರವಸೆ. ಎರಡೂ ಸದನಗಳಲ್ಲಿ ಸರ್ಕಾರಿ ಭರವಸೆಗಳ ಸಮಿತಿ ಇದೆ. ಸದನದ ನಡವಳಿಯ ಪ್ರತಿಯಲ್ಲಿ ಆ ವಾಕ್ಯಕ್ಕೆ ಗೆರೆ ಎಳೆದು ಸಮಿತಿಯ ಅಧ್ಯಕ್ಷರಿಗೆ ಪತ್ರ ಬರೆಯಿರಿ. ಈ ಹಾದಿಯನ್ನು ಬಹಳ ಕಡಿಮೆ ಜನ ಬಳಸುತ್ತಾರೆ, ನಮ್ಮ ಲೆಕ್ಕದಲ್ಲಿ ಇದೇ ಹೆಚ್ಚು ಗಟ್ಟಿ. ಅರ್ಜಿಗಳ ಸಮಿತಿಯೂ ಇದೆ. ಅಲ್ಲಿಗೆ ಹೋಗುವ ಅರ್ಜಿಗೆ ಸದಸ್ಯರೊಬ್ಬರ ಮೇಲುಸಹಿ ಮಾಡಿಸಿಕೊಂಡು ಹೋಗಬೇಕು, ಭಾಷೆ ಸೌಮ್ಯವಾಗಿರಬೇಕು.

ಕಾಯ್ದೆಯ ತಿದ್ದುಪಡಿ ಬಂದಾಗ ಮಾತ್ರ ಇಷ್ಟು ಪುರುಸೊತ್ತು ಸಿಗದು. ಗದಗಿನ ವಿಶ್ವವಿದ್ಯಾಲಯಕ್ಕೆ ರಾಜ್ಯಪಾಲರ ಬದಲು ಮುಖ್ಯಮಂತ್ರಿಗಳನ್ನು ಕುಲಾಧಿಪತಿ ಮಾಡುವ ಮಸೂದೆ 2024ರ ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಅಂಗೀಕಾರವಾಯಿತು. ಇಂಥ ಮಸೂದೆ ಮಂಡನೆಯಾದ ಮೇಲೆ ಅಂಗೀಕಾರಕ್ಕೆ ಉಳಿಯುವುದು ಕೆಲವೇ ದಿನ. ಪರ ಇರಲಿ, ವಿರೋಧ ಇರಲಿ, ಸಂಘದ ನಿಲುವು ಠರಾವಾಗಿ ಮೊದಲೇ ಸಿದ್ಧವಿರಬೇಕು, ಯಾವ ಕಲಂನಲ್ಲಿ ಯಾವ ಪದ ಬದಲಾಗಬೇಕು ಎಂಬಷ್ಟು ಸ್ಪಷ್ಟವಾಗಿ. 2025ರ ಫೆಬ್ರುವರಿಯಲ್ಲಿ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಸಚಿವ ಸಂಪುಟದ ಉಪಸಮಿತಿಯಿಂದ ಬಂತು, ಹಾವೇರಿಯ ಹೆಸರೂ ಅದರಲ್ಲಿತ್ತು. ಕಾಯ್ದೆಯಿಂದ ಹುಟ್ಟಿದ ವಿಶ್ವವಿದ್ಯಾಲಯ ಬರೀ ಆದೇಶದಿಂದ ಮುಚ್ಚದು, ಮತ್ತೆ ಮಸೂದೆ ಎರಡೂ ಸದನಗಳಿಗೆ ಬರಬೇಕು. ಹಾವೇರಿ ವಿಶ್ವವಿದ್ಯಾಲಯ ಇರುವ ಕೆರಿಮತ್ತಿಹಳ್ಳಿಯಲ್ಲಿ ಓದಿದವರಿಗೆ ತಮ್ಮ ಆರು ಶಾಸಕರನ್ನು ಒಬ್ಬೊಬ್ಬರಾಗಿ ಕಂಡು ಲಿಖಿತ ನಿಲುವು ಕೇಳಲು ಇದಕ್ಕಿಂತ ತಕ್ಕ ಕಾರಣ ಬೇಕಿಲ್ಲ.

ಕೊನೆಯದಾಗಿ ಒಂದು ಎಚ್ಚರ. ಶಾಸಕರಿಗೂ ಪರಿಷತ್ ಸದಸ್ಯರಿಗೂ ವರ್ಷಕ್ಕೆ ₹2 ಕೋಟಿ ಸ್ಥಳೀಯ ಅಭಿವೃದ್ಧಿ ನಿಧಿ ಇದೆ. ಹುದ್ದೆಯ ಮಾತು ತೆಗೆದಾಗ "ನಿಮ್ಮ ವಿಭಾಗಕ್ಕೆ ಕಂಪ್ಯೂಟರ್ ಕೊಡಿಸೋಣ್ರಿ" ಎಂದು ಪ್ರೀತಿಯಿಂದಲೇ ಹೇಳುತ್ತಾರೆ. ಕೊಟ್ಟರೆ ತೆಗೆದುಕೊಳ್ಳಿ, ಧನ್ಯವಾದದ ಪತ್ರ ಬರೆಯಿರಿ, ಅದೇ ಪತ್ರದ ಎರಡನೇ ಪ್ಯಾರಾದಲ್ಲಿ ಪ್ರಶ್ನೆಯ ಕರಡನ್ನು ಮತ್ತೆ ಲಗತ್ತಿಸಿ. ಪ್ರಶ್ನೆ ಸಂಖ್ಯೆ, ಸದನದ ದಿನಾಂಕ, ಕಡತ ಸಂಖ್ಯೆ, ಉತ್ತರದ ಪ್ರತಿ, ಭರವಸೆಯ ವಾಕ್ಯ ಇವಿಷ್ಟನ್ನು ಒಂದು ರಜಿಸ್ಟರಿನಲ್ಲಿ ಬರೆದು, ಪದಾಧಿಕಾರಿಗಳು ಬದಲಾದಾಗ ಠರಾವು ಪುಸ್ತಕದ ಜೊತೆ ಸಹಿ ಮಾಡಿಸಿ ಹಸ್ತಾಂತರಿಸಬೇಕು. ಮುಂದಿನ ಅಧಿವೇಶನದ ಪ್ರಶ್ನೆ "ದಿನಾಂಕ ಇಂತಿಷ್ಟರ ಉತ್ತರಕ್ಕೆ ಸಂಬಂಧಿಸಿದಂತೆ" ಎಂದು ಶುರುವಾಗಬೇಕಾದರೆ ಆ ರಜಿಸ್ಟರ್ ಬೇಕೇ ಬೇಕು.